ಅಣ್ಣನ ಅಂಗಿಯ ಚುಂಗು

ನಮ್ಮ ಅಣ್ಣ ಸಿನಿಮಾ ಹಚ್ಚಿದ ಕೂಡಲೇ ಮೊದಲು ಅದರ ದನಿ ಬಂದ್ ಮಾಡುತ್ತಿದ್ದ. ಎಲ್ಲ ಸಿನಿಮಾಕ್ಕೂ ಅಲ್ಲ. ಅಂಜಿಕೆ ಹುಟ್ಟಿಸುವಂಥದ್ದು, ನೋಡಿದ ಮೇಲೆ ದೀಪ ಆರಿಸಲು ಮನಸ್ಸಾಗದಂಥದ್ದು, ಅಂಥವಕ್ಕೆ ಮಾತ್ರ. ಆದರೆ ಅವನು ನೋಡುತ್ತಿದ್ದದ್ದೇ ಅಂಥವನ್ನು.

"ಬಾಜಾ ಬಾರಿಸಿ ಅಂಜಿಸೋದು ಯಾವ ದೊಡ್ಡ ಕೆಲಸ ಬೇ?" ಅನ್ನುತ್ತಿದ್ದ. "ಮಕ್ಕೊಂಡವರ ಕಿವಿ ಹತ್ರ ಹೋಗಿ ಡಬ್ಬಿ ಬಡದ್ರ ಯಾರಾದ್ರೂ ಅಂಜತಾರ. ದನಿ ತಗದು ನೋಡು. ಆಗೂ ಅಂಜಿಕಿ ಬಂತಂದ್ರ ಅದು ಖರೇ ಸಿನಿಮಾ."

ಅಣ್ಣ ಸಿಂಧನೂರಿನಲ್ಲಿ, ಟ್ರ್ಯಾಕ್ಟರ್ ಗ್ಯಾರೇಜುಗಳ ಸಾಲಿನಲ್ಲಿ, ಸೀಟು ಹೊಲಿಯುವ ಅಂಗಡಿ ಇಟ್ಟಿದ್ದ. ಟ್ರ್ಯಾಕ್ಟರ್, ಆಟೊ, ಭತ್ತ ಕೊಯ್ಯುವ ಮಷಿನ್, ಯಾವುದರ ಸೀಟು ಹರಿದರೂ ಅವನ ಹತ್ತಿರ ಬರುತ್ತಿತ್ತು. ಹಳೆಯ ರೆಗ್ಜಿನ್ ಸುಲಿದು, ಒಳಗಿನ ಸ್ಪಂಜು ಬದಲಿಸಿ, ಹೊಸದನ್ನು ಬಿಗಿಯಾಗಿ ಎಳೆದು ಹೊಲಿಯುವುದು ಅವನ ಕೆಲಸ. ರೆಗ್ಜಿನ್ ಅಂಟಿಸುವ ಸಲ್ಯೂಶನ್ ಡಬ್ಬಿಗೆ ಮೊಬೈಲ್ ಆನಿಸಿ ಇಟ್ಟಿರುತ್ತಿದ್ದ. ಕೈ ಸೂಜಿಯ ಮೇಲೆ, ಕಣ್ಣು ಸಿನಿಮಾದ ಮೇಲೆ. ಮಾತಾಡುವಾಗ ಬೆರಳಿಗೆ ಅಂಟಿದ ಸಲ್ಯೂಶನ್ನನ್ನು ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ಗುಂಡು ಮಾಡುವ ಚಾಳಿ ಇತ್ತು. ಕತೆ ಉದ್ದವಾದಷ್ಟೂ ಗುಂಡು ದೊಡ್ಡದಾಗುತ್ತಿತ್ತು.

ಸಿನಿಮಾಗಳನ್ನು ಮೊಬೈಲ್ ಅಂಗಡಿಯಲ್ಲಿ ಮೆಮರಿ ಕಾರ್ಡಿಗೆ ತುಂಬಿಸಿಕೊಂಡು ಬರುತ್ತಿದ್ದ. ಅಲ್ಲಿ ಹೋಗಿ ಹೊಸ ಸಿನಿಮಾ ಯಾವುದು ಬಂದಿದೆ ಎಂದು ಕೇಳಿದವನಲ್ಲ. "ನಿನ್ನ ಹತ್ರ ಯಾರೂ ಕೇಳಲಾರದ್ದು ಯಾವುದೈತಿ, ಅದನ್ನ ಹಾಕು" ಅನ್ನುತ್ತಿದ್ದನಂತೆ. ಹಾಗಾಗಿ ಯಾವ ಯಾವುದೋ ದೇಶದವು ಬರುತ್ತಿದ್ದವು. ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತಿದ್ದವು. ಅಣ್ಣ ಹತ್ತನೇ ಕ್ಲಾಸು ಫೇಲಾದವನು, ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆ ಅಕ್ಷರ ನಮಗೆ ಇರುವೆ ಹರಿದಾಡಿದ ಹಾಗೆ. ದನಿ ತೆಗೆದರೆ ನಮಗೆ ಹೋಗುವಂಥದ್ದು ಏನೂ ಇರಲಿಲ್ಲ. ಮುಖ ನೋಡಿಯೇ ಅವನು ಕತೆ ಕಟ್ಟಿಕೊಳ್ಳುತ್ತಿದ್ದ, ಅದನ್ನೇ ಸೀಟಿಗಾಗಿ ಕಾದು ಕೂತ ರೈತರಿಗೆ ಹೇಳುತ್ತಿದ್ದ. 

ಒಮ್ಮೆ ದಢೇಸುಗೂರಿನ ರೈತರೊಬ್ಬರು ಕೂತಿದ್ದಾಗ ನಾನೂ ಅಲ್ಲಿದ್ದೆ. ಅವರು ಕೇಳಿದರು:

"ಹೀರೋಯಿನ್ ಚಲೋ ಅದಾಳೇನು?"

"ಹೀರೋಯಿನ್ ಇಲ್ರಿ ಅದರಾಗ."

"ಫೈಟಿಂಗ್?"

"ಅದೂ ಇಲ್ಲ."

"ಮತ್ತೇನೈತಪ್ಪ ಅದರಾಗ?"

"ಒಂದು ಬಾವಿ ಐತ್ರಿ."

ಆ ರೈತರು ಮೊಬೈಲ್ ಕಡೆ ಬಗ್ಗಿ ನೋಡಿ, "ನೀರರ ಅದಾವೇನು ಬಾವ್ಯಾಗ?" ಎಂದರು. ಅಣ್ಣ ಸೂಜಿ ಕೆಳಗಿಟ್ಟು ನಕ್ಕ. "ಅದನ್ನ ಕಡೀತನಕ ತೋರಸಂಗಿಲ್ರಿ. ಅದಕ ಅದು ಚಲೋ ಸಿನಿಮಾ."

ದೆವ್ವದ ಸಿನಿಮಾ ಅಂದರೆ ಅವನಿಗೆ ಆಗುತ್ತಿರಲಿಲ್ಲ. "ಸತ್ತು ಹತ್ತು ವರ್ಷ ಆದಕಿಗೆ ಇಸ್ತ್ರಿ ಮಾಡಿದ ಬಿಳಿ ಸೀರಿ ಯಾರು ಕೊಟ್ರು?" ಎಂದು ಕೇಳುತ್ತಿದ್ದ. ರಕ್ತ ಸುರಿಯುವ ಸಿನಿಮಾ ಬಂದರೆ ಬಂದ್ ಮಾಡಿ, "ರಕ್ತ ನೋಡಾಕ ಮಟನ್ ಅಂಗಡಿ ಮುಂದ ನಿಂತ್ರ ಸಾಕು" ಅನ್ನುತ್ತಿದ್ದ. ಕೊನೆಯಲ್ಲಿ ಯಾರು ಕೊಂದರು, ಯಾಕೆ ಕೊಂದರು ಎಂದು ಪೂರಾ ಬಿಡಿಸಿ ಹೇಳಿದರೆ ಅವನಿಗೆ ಸಿಟ್ಟೇ ಬರುತ್ತಿತ್ತು. ನಮ್ಮ ಅವ್ವ ಇದ್ದಾಗ ಪಕ್ಕದ ಮನೆಯವರೊಬ್ಬರು ಉಣ್ಣುವ ಗಂಗಾಳ ಬಿಟ್ಟು ಎದ್ದು ಹೋದವರು ತಿರುಗಿ ಬಂದಿರಲಿಲ್ಲ. ಅಣ್ಣ ಅದನ್ನೇ ಹೇಳುತ್ತಿದ್ದ: "ಅಂವ ಯಾಕ ಹೋದ ಅಂತ ಇವತ್ತಿಗೂ ಯಾರಿಗರ ಗೊತ್ತೈತೇನು? ಅವನ ಹೆಂಡ್ತಿ ಇನ್ನಾ ಸಂಜಿಗೆ ಬಾಗಲದಾಗ ಕುಂದರ್ತಾಳ. ಅದಕ್ಕ ಯಾರು ಎಂಡ್ ಬರದಾರ?"

ಹಾಗಾದರೆ ಯಾವುದು ಅಂಜಿಕೆಯ ಸಿನಿಮಾ ಎಂದು ನಾನೇ ಒಮ್ಮೆ ಕೇಳಿದ್ದೆ. ಅವನು ಬೆರಳು ಉಜ್ಜುತ್ತಾ ಹೇಳಿದ್ದು ನನಗೆ ಮರೆತಿಲ್ಲ.

"ಒಬ್ಬ ಒಳ್ಳೆ ಮನುಷ್ಯ ಇರ್ತಾನ ನೋಡು. ಏನೋ ಒಂದು ತಪ್ಪು ಮಾಡ್ತಾನ. ದೊಡ್ಡದೇನಲ್ಲ. ಆಮ್ಯಾಲ ಮನಿಗೆ ಬರ್ತಾನ, ಕೈ ತೊಳಕೊಂತಾನ, ಉಣ್ಣಾಕ ಕುಂದರ್ತಾನ. ಉಂತಾನ, ಮತ್ತ ಸ್ವಲ್ಪ ಹಾಕಿಸ್ಕೊಂತಾನ. ಅದನ್ನ ತೋರಿಸಿದ್ರಲ್ಲ, ಅವತ್ತ ನನಗ ನಿದ್ದಿ ಬರಲಿಲ್ಲ."

"ಅದರಾಗ ಅಂಜೋದೇನೈತಿ?" ಎಂದೆ.

"ನಿನಗ ತಿಳಿಯೂದಿಲ್ಲ ಬಿಡು."

ಅಣ್ಣನಿಗೆ ಮದುವೆ ಆಗಲಿಲ್ಲ. ಲಿಂಗಸುಗೂರಿಗೆ ಒಮ್ಮೆ ಹೆಣ್ಣು ನೋಡಲು ಹೋಗಿದ್ದೆವು. ಉಪ್ಪಿಟ್ಟು ಕೊಟ್ಟು, ಹುಡುಗಿಯ ಅಪ್ಪ ಮಾತಿಗೆ ಮಾತು ಇರಲಿ ಎಂದು, "ಸಿನಿಮಾ ಗಿನಿಮಾ ನೋಡ್ತೀರೇನ್ರಿ?" ಎಂದು ಕೇಳಿಬಿಟ್ಟರು. ಅಣ್ಣನ ಮುಖ ಅರಳಿತು. ಒಬ್ಬ ತನ್ನ ಮನೆಯ ನೆಲ ಅಗೆಯುತ್ತಾ ಹೋಗುವ ಕತೆ ಶುರು ಮಾಡಿದ. ಯಾಕೆ ಅಗೆಯುತ್ತಾನೆ ಎಂದು ಅವನ ಹೆಂಡತಿ ಒಮ್ಮೆಯೂ ಕೇಳುವುದಿಲ್ಲ, ಆಮೇಲೆ ಅವಳೂ ಸಲಿಕೆ ಹಿಡಿಯುತ್ತಾಳೆ. ಉಪ್ಪಿಟ್ಟು ಆರಿತು. ಹುಡುಗಿಯ ಅಜ್ಜಿ ದೇವರ ಫೋಟೊದ ಕಡೆ ನೋಡತೊಡಗಿದಳು. ಬಾಗಿಲವರೆಗೆ ಕಳಿಸಲು ಬಂದವರು ಮತ್ತೆ ಯಾವ ಸುದ್ದಿಯನ್ನೂ ಹೇಳಿ ಕಳಿಸಲಿಲ್ಲ. ನಾನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೈದೆ. ಅಣ್ಣ ಕಿಟಕಿಯ ಹೊರಗೆ ನೋಡುತ್ತಾ, "ಹುಡುಗಿ ಕದದ ಹಿಂದ ನಿಂತು ಕೇಳಾಕತ್ತಿದ್ಲು. ಕತಿ ಮುಗಿಯೋತನ ಕದಲಲಿಲ್ಲ ಅಕಿ" ಎಂದ. ಆಮೇಲೆ ಆ ಹುಡುಗಿಯ ಮಾತನ್ನು ಅವನು ಎಂದೂ ಎತ್ತಲಿಲ್ಲ.

ಗ್ಯಾರೇಜಿನ ಸಾಲು ಅಮಾವಾಸ್ಯೆಗೆ ಬಂದ್ ಇರುತ್ತದೆ. ಅವತ್ತು ರೈತರು ಟ್ರ್ಯಾಕ್ಟರ್ ಮುಟ್ಟುವುದಿಲ್ಲ, ಮೆಕ್ಯಾನಿಕ್‌ಗಳು ನಟ್ಟು ಬಿಚ್ಚುವ ಪಾನಾ ಹಿಡಿಯುವುದಿಲ್ಲ. ಅಣ್ಣನಿಗೆ ತಿಂಗಳಿಗೆ ಒಂದೇ ರಜೆ ಅದು. ಅಂಗಡಿಯ ಹಿಂದಿನ ಕೋಣೆಯಲ್ಲಿ ಕದ ಹಾಕಿಕೊಂಡು, ಮೊಬೈಲನ್ನು ಎದುರಿನ ಗೋಡೆಗೆ ಎತ್ತರದಲ್ಲಿ ಸಿಕ್ಕಿಸಿ, ಹಗಲೆಲ್ಲ ಸಿನಿಮಾ ನೋಡುತ್ತಿದ್ದ. ರಜೆ ಅವತ್ತೇ ಇದ್ದರೆ ಪಾಪ ಅವನೇನು ಮಾಡಬೇಕು? ಆದರೆ ಓಣಿಯ ಮಂದಿಯ ಕಣ್ಣಿಗೆ ಅದು ಬೇರೆ ಕಾಣುತ್ತಿತ್ತು. ಮದುವೆಯಿಲ್ಲದವನು, ಅಮಾವಾಸ್ಯೆ ದಿನ ಕದ ಹಾಕಿಕೊಂಡು ಹೆಣ ಹುಗಿಯುವ ಸಿನಿಮಾ ನೋಡುತ್ತಾನೆ ಎಂದು ಮಾತಾಡಿಕೊಳ್ಳುತ್ತಿದ್ದರು. ಆ ಮಾತು ಮಸ್ಕಿಯಲ್ಲಿ, ನನ್ನ ಗಂಡನ ಮನೆಯಲ್ಲಿ, ನಮ್ಮ ಅತ್ತೆಯ ಕಿವಿಗೂ ಬಂದಿತ್ತು. ನಮ್ಮ ಮನೆಯವರು ಅವನ ಸುದ್ದಿ ಬಂದಾಗಲೆಲ್ಲ "ನಿಮ್ಮ ಅಮಾಸಿ ಅಣ್ಣ" ಎಂದೇ ಅನ್ನುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು. ಅವನ ಪರವಾಗಿ ಒಂದು ಮಾತೂ ಆಡುತ್ತಿರಲಿಲ್ಲ.

ಆ ಕೋಣೆಯಲ್ಲಿ ಎರಡು ಸೀಟು ಇದ್ದವು. ಊರಿನ ಒಂದು ಹಳೆಯ ಟಾಕೀಜು ಕೆಡವಿದಾಗ ಗುಜರಿಯವನಿಂದ ತಂದವು. ಒಂದಕ್ಕೊಂದು ಕೂಡಿಕೊಂಡವು, ನಡುವೆ ಕೈ ಇಡಲು ಒಂದೇ ಕಟ್ಟಿಗೆ. ಅಣ್ಣ ಅವಕ್ಕೆ ಮೆರೂನ್ ಬಣ್ಣದ ರೆಗ್ಜಿನ್ ಹಾಕಿ ಹೊಸದಾಗಿ ಹೊಲಿದಿದ್ದ. "ಒಬ್ಬನಿಗೆ ಎರಡು ಯಾಕಣ್ಣ?" ಎಂದರೆ, "ಬಿಡಿಸಿದ್ರ ಮುರೀತಾವ" ಎಂದ. ಅವನು ಯಾವಾಗಲೂ ಎಡಗಡೆಯದರಲ್ಲಿ ಕೂಡುತ್ತಿದ್ದ. ಅದು ತಗ್ಗು ಬಿದ್ದಿತ್ತು. ಬಲಗಡೆಯದು ಅಂಗಡಿಯಿಂದ ಈಗ ತಂದ ಹಾಗೆ ಗಟ್ಟಿಯಾಗಿಯೇ ಇತ್ತು. ನಾನು ಹೋದಾಗಲೆಲ್ಲ "ಕುಂದರ್ ಬೇ, ಸ್ವಲ್ಪೇ ಐತಿ" ಅನ್ನುತ್ತಿದ್ದ. ನನಗೆ ಬಸ್ಸು, ಸಂತೆ, ಒಲೆಯ ಮೇಲಿನ ಅಡುಗೆ, ಏನೋ ಒಂದು ಇದ್ದೇ ಇರುತ್ತಿತ್ತು.

"ಇಂಥಾವ್ನ ಯಾಕ ನೋಡ್ತಿ? ನಗೋ ಸಿನಿಮಾ ಇಲ್ಲೇನು?" ಎಂದು ಕೇಳಿದಾಗ ಅವನು ಕೊಟ್ಟ ಉತ್ತರ ಒಂದು ನನ್ನಲ್ಲಿ ಉಳಿದಿದೆ. "ನಗೋ ಸಿನಿಮಾ ನೋಡಿದ್ರ ಊರಾಗ ಎಲ್ಲರೂ ನನ್ನಕಿಂತ ಚಲೋ ಅದಾರ ಅನಸ್ತೈತಿ. ಇವನ್ನ ನೋಡಿದ್ರ, ಎಲ್ಲೋ ಒಂದು ದೇಶದಾಗ ನನ್ನಂಗ ಇನ್ನೊಬ್ಬ ಅದಾನ ಅನಸ್ತೈತಿ."

ನನ್ನ ಮಗಳಿಗೆ ಆಗ ಎಂಟು ವರ್ಷ. ನಾದಿನಿಯ ಮದುವೆಗೆ ಬಟ್ಟೆ ತರಲು ಸಿಂಧನೂರಿಗೆ ಹೊರಟಿದ್ದೆ. ಅವತ್ತು ಅಮಾವಾಸ್ಯೆ. "ಅಮಾಸಿ ದಿನ ಕೂಸನ್ನ ಊರು ದಾಟಿಸಬ್ಯಾಡ" ಎಂದು ಅತ್ತೆ ಹೇಳಿದ್ದರು. ಮಗಳು ಅತ್ತಳು, ನಾನು ಕರೆದುಕೊಂಡು ಹೋದೆ. ಬಟ್ಟೆ ಅಂಗಡಿಯಲ್ಲಿ ಅವಳನ್ನು ಹಿಡಿದುಕೊಂಡು ಕೂಡಲಾಗುವುದಿಲ್ಲ ಎಂದು ಅಣ್ಣನ ಹತ್ತಿರ ಬಿಟ್ಟೆ.

ಮಧ್ಯಾಹ್ನ ತಿರುಗಿ ಬಂದಾಗ ಇಬ್ಬರೂ ಆ ಸೀಟುಗಳಲ್ಲಿ ಕೂತಿದ್ದರು. ಬಲಗಡೆಯ ಸೀಟಿನ ಮೇಲೆ ಒಂದು ದಪ್ಪ ಸ್ಪಂಜು ಇಟ್ಟು ಅದರ ಮೇಲೆ ಮಗಳನ್ನು ಕೂರಿಸಿದ್ದ. ಅವಳ ಕಾಲು ಜೋತುಬಿದ್ದಿದ್ದವು. ಅಣ್ಣನಿಗಿಂತ ಅವಳೇ ಎತ್ತರ ಕಾಣುತ್ತಿದ್ದಳು.

"ಕೂಸಿಗೆ ಕಾಣವಲ್ದಾಗಿತ್ತು. ದೊಡ್ಡಾಕ್ಯಾದ ಮ್ಯಾಲ ತಗದ್ರಾತು" ಎಂದ.

ಯಾವುದೋ ಚಳಿ ದೇಶದ ಸಿನಿಮಾ ಅದು. ಸುತ್ತ ಮಂಜುಗಡ್ಡೆ, ನಡುವೆ ಒಂದು ಮನೆ, ಅದರಲ್ಲಿ ಒಬ್ಬಳೇ ಹೆಂಗಸು. ಕಟ್ಟಿಗೆ ತರಲು ಹೋದ ಗಂಡ ತಿರುಗಿ ಬಂದಿಲ್ಲ. ಒಂದು ದಿನ ಗಂಡನ ಕೋಟು ತೊಟ್ಟ ಒಬ್ಬ ಬಂದು ಹೊಸ್ತಿಲಲ್ಲಿ ನಿಲ್ಲುತ್ತಾನೆ. ಅವನ ಮುಖ ಒಮ್ಮೆಯೂ ತೋರಿಸುವುದಿಲ್ಲ. ಆ ಹೆಂಗಸು ಒಳಗೆ ಬಾ ಅನ್ನುವುದಿಲ್ಲ, ಹೋಗು ಅಂತಲೂ ಅನ್ನುವುದಿಲ್ಲ. ಕೊನೆಗೆ ಒಲೆಯ ಹತ್ತಿರ ಎರಡನೆಯ ತಟ್ಟೆ ತಂದಿಡುತ್ತಾಳೆ. ಅಲ್ಲಿಗೆ ಸಿನಿಮಾ ಮುಗಿಯುತ್ತದೆ. ಇದನ್ನೆಲ್ಲ ಅಣ್ಣ ನನಗೆ ಗಡಿಬಿಡಿಯಲ್ಲಿ ಹೇಳಿದ. ಅವನನ್ನು ಅಷ್ಟು ಹಿಗ್ಗಿನಲ್ಲಿ ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ.

"ಸಿನಿಮಾ ಮುಗದ ಮ್ಯಾಲ ನಿನ್ನ ಮಗಳು ಏನು ಕೇಳಿದ್ಲು ಗೊತ್ತೇನು? 'ಮಾಮಾ, ಅಂವಗ ಅನ್ನ ಸಾಲ್ತೈತೇನು' ಅಂತಾಳ. ಇಷ್ಟು ಮಂದಿಗೆ ಕತಿ ಹೇಳೀನಿ, ಒಬ್ರರ ಹಿಂಗ ಕೇಳ್ಯಾರೇನು?"

ಅದಾದ ಮೂರನೆಯ ದಿನ ಮಗಳಿಗೆ ಜ್ವರ ಬಂತು. ಮೈ ಸುಡುತ್ತಿತ್ತು. ಕಣ್ಣು ಮುಚ್ಚಿಕೊಂಡೇ "ಅಂವಗ ಅನ್ನ ಹಾಕ್ರಿ" ಎಂದು ಕನವರಿಸಿದಳು. ಅತ್ತೆ ನನ್ನ ಕಡೆ ತಿರುಗಿ, "ಅಮಾಸಿ ದಿನ ಬ್ಯಾಡ ಅಂದಿದ್ದೆ ನಾ" ಎಂದರು. ಇಡೀ ಮನೆ ನನ್ನನ್ನೇ ನೋಡುತ್ತಿತ್ತು. ಆಗ ನನ್ನ ಬಾಯಿಂದ ಆ ಮಾತು ಬಂತು. "ಅಮಾಸಿದಲ್ಲ ಅತ್ತಿ, ನಮ್ಮ ಅಣ್ಣ ಅಂಜಿಕಿ ಸಿನಿಮಾ ತೋರಿಸ್ಯಾನ."

ಯಾರೂ ನನ್ನನ್ನು ಕೇಳಿರಲಿಲ್ಲ. ನಾನೇ ಹೇಳಿದೆ. ಹೇಳಿದ ಕೂಡಲೇ ಎಲ್ಲರ ಕಣ್ಣು ನನ್ನ ಮೇಲಿಂದ ಸರಿದವು, ನನಗೆ ಹಗುರಾಯಿತು. ಅದೂ ಖರೆ.

ನಮ್ಮ ಅತ್ತೆ ಅಂಜಿಕೆ ತೆಗೆಯುವುದಕ್ಕೆ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಮಗು ಯಾರಿಂದ ಬೆದರಿತೋ ಅವರು ಮೈಮೇಲೆ ತೊಟ್ಟ ಬಟ್ಟೆಯ ಚುಂಗು, ಅಂಚಿನ ಒಂದು ತುಂಡು, ಕತ್ತರಿಸಿ ತಂದು, ಕೆಂಡದ ಮೇಲೆ ಹಾಕಿ, ಅದರ ಹೊಗೆ ಮಗುವಿಗೆ ಕೊಡಬೇಕು. ಬೆದರಿಸಿದವರು ತಮ್ಮ ಕೈಯಾರೆ ಕತ್ತರಿಸಿ ಕೊಡಬೇಕು. ನಾಯಿಗೆ ಬೆದರಿದರೆ ನಾಯಿಯ ಕೂದಲು, ಮನುಷ್ಯನಿಗೆ ಬೆದರಿದರೆ ಬಟ್ಟೆ. ನಮ್ಮ ಮನೆಯವರು ಮೋಟಾರ್ ಸೈಕಲ್ ಮೇಲೆ ಸಿಂಧನೂರಿಗೆ ಹೋದರು. ಅಣ್ಣ ದಸರೆಗೆ ಹೊಲಿಸಿದ ತಿಳಿನೀಲಿ ಅಂಗಿ ತೊಟ್ಟಿದ್ದ. ರೆಗ್ಜಿನ್ ಕತ್ತರಿಸುವ ದೊಡ್ಡ ಕತ್ತರಿಯಿಂದ ಅದರ ಮುಂದಿನ ಚುಂಗು ಕತ್ತರಿಸಿ, ಕಾಗದದಲ್ಲಿ ಸುತ್ತಿ ಕೊಟ್ಟ. "ಇಷ್ಟು ಸಾಕೇನ್ರಿ? ಇನ್ನೊಂದು ಸ್ವಲ್ಪ ಕತ್ತರಸ್ಲೇನು?" ಎಂದಷ್ಟೇ ಕೇಳಿದನಂತೆ. ನಮ್ಮ ಮನೆಯವರು ಇದನ್ನು ನಗುತ್ತಾ ಹೇಳಿದರು.

ಹೊಗೆ ಕೊಟ್ಟರು. ಮಗಳು ಕೆಮ್ಮಿದಳು. ಜ್ವರ ಏರಿತು, ಮೂಗಿನಲ್ಲಿ ರಕ್ತ ಬಂತು. ಆಗ ಲಿಂಗಸುಗೂರಿಗೆ ಕರೆದುಕೊಂಡು ಓಡಿದೆವು.

ದವಾಖಾನೆಯಲ್ಲಿ ಡಾಕ್ಟರು ರಕ್ತ ತೆಗೆಸಿ ನೋಡಿ, "ಇದು ಸೊಳ್ಳಿ ಜ್ವರ. ನಿಮ್ಮ ಓಣ್ಯಾಗ ಎಲ್ಲರ ನೀರು ನಿಂತಾವೇನು? ಮಸ್ಕಿಯಿಂದ ಈ ವಾರ ಭಾಳ ಮಕ್ಕಳು ಬಂದಾವ" ಎಂದರು. ನಾನು ಅಂಜುತ್ತಾ ಕೇಳಿದೆ: "ಬೆದರಿದ್ರ ಹಿಂಗ ಜ್ವರ ಬರ್ತದೇನ್ರಿ?" ಅವರು ಕಾಗದದ ಮೇಲಿಂದ ಕಣ್ಣು ಎತ್ತದೆ, "ಸೊಳ್ಳಿಗೆ ಬೆದರಬೇಕಮ್ಮ ನೀವು" ಎಂದರು.

ಹೊರಗೆ ಬಂದಾಗ ನಮ್ಮ ಮನೆಯವರು ಹೇಳಿದರು: "ಅವ್ವಗ ಇದನ್ನೆಲ್ಲ ಹೇಳಾಕ ಹೋಗಬ್ಯಾಡ. ಹೊಗಿ ಹಾಕಿದ್ದಕ್ಕ ಕೂಸು ಉಳೀತು ಅಂದ್ಕೊಂಡ್ರ ನಿಂದೇನು ಹೋಗ್ತೈತಿ? ಮತ್ತ ಅಮಾಸಿ ಮಾತು ಬಂತಂದ್ರ ನಿನ್ನ ಕುತ್ತಿಗಿಗೇ ಬರ್ತೈತಿ." ನಾನು ಆಗಲಿ ಎಂದೆ.

ಮರುದಿನ ಮಗಳು ಕಣ್ಣು ತೆರೆದಳು. ಮೇಲಿನ ಕಿಟಕಿಯಿಂದ ನೋಡಿದರೆ ಗೇಟಿನ ಹೊರಗೆ ಅಣ್ಣ ನಿಂತಿದ್ದ. ಕೈಯಲ್ಲಿ ಮೋಸಂಬಿಯ ಚೀಲ. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಒಳಗೆ ಬಂದಿರಲಿಲ್ಲ. ನಾನು ಇಳಿದು ಹೋದೆ.

"ಕಣ್ಣು ತೆರದಾಳೇನು?"

"ತೆರದಾಳ."

"ಇನ್ನಾ ಬೆದರಾಕತ್ಯಾಳೇನು?"

ಡಾಕ್ಟರ ಮಾತು ನನ್ನ ಕಿವಿಯಲ್ಲೇ ಇತ್ತು. ಸೊಳ್ಳಿ ಜ್ವರ ಅಣ್ಣ, ನಿಂದೇನಿಲ್ಲ, ಮ್ಯಾಲ ಬಾ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಆ ಹೊತ್ತಿಗೆ ನನ್ನ ತಲೆಯಲ್ಲಿ ಬೇರೆ ಏನೋ ಓಡಿತು. ಇದರಿಂದಾದರೂ ಈ ಹುಚ್ಚು ಸಿನಿಮಾ ಬಿಟ್ಟಾನು, ನಾಲ್ಕು ಮಂದಿಯ ಹಾಗೆ ಆದಾನು, ನನಗೂ ಮನೆಯಲ್ಲಿ ತಲೆ ಎತ್ತುವ ಹಾಗಾದೀತು. ಅವನ ಚಲೋದಕ್ಕೇ ಎಂದು ನನಗೆ ನಾನೇ ಹೇಳಿಕೊಂಡೆ.

"ಇನ್ನ ಮ್ಯಾಲ ಕೂಸಿಗೆ ಇಂಥಾವ್ನ ತೋರಸಬ್ಯಾಡಣ್ಣ" ಎಂದೆ.

ಅವನು ತಲೆ ಆಡಿಸಿದ. ಬೆರಳು ಉಜ್ಜುತ್ತಿದ್ದ, ಆದರೆ ಬೆರಳಿನಲ್ಲಿ ಏನೂ ಇರಲಿಲ್ಲ. ಮೋಸಂಬಿ ಕೊಟ್ಟು ಬಸ್ ಸ್ಟ್ಯಾಂಡಿನ ಕಡೆ ನಡೆದ. ನಾನು ಮೇಲೆ ಬಂದೆ. ನಮ್ಮ ಮನೆಯವರು ಖಾನಾವಳಿಯಿಂದ ಊಟ ತಂದಿದ್ದರು. ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಕೈ ತೊಳೆದುಕೊಂಡು ಕೂತು ಉಂಡೆ. ಸಾರು ರುಚಿಯಾಗಿತ್ತು, ಮತ್ತೊಮ್ಮೆ ಹಾಕಿಸಿಕೊಂಡೆ.

ಅಣ್ಣ ಅಲ್ಲಿಂದ ಮುಂದೆ ಮಸ್ಕಿಗೆ ಬರುವುದನ್ನು ಬಿಟ್ಟ. ಫೋನು ಮಾಡುತ್ತಿದ್ದ. ಎಲ್ಲರ ಕ್ಷೇಮ ಕೇಳಿ ಕೊನೆಗೆ, ಬೇರೆ ಏನೋ ಕೇಳುವವನ ಹಾಗೆ, "ಕೂಸು ನಿದ್ದಿ ಮಾಡ್ತಾಳಲ್ಲ?" ಅನ್ನುತ್ತಿದ್ದ. ಮಾಡ್ತಾಳ ಎಂದು ನಾನು ಫೋನು ಇಡುತ್ತಿದ್ದೆ.

ಮಗಳು ದೊಡ್ಡವಳಾದಾಗ ಮನೆ ಮುಂದೆ ಹಂದರ ಹಾಕಿದ್ದೆವು. ಸೋದರಮಾವ ಸೀರೆ ತಂದು ಉಡಿಸಿ, ಕೈ ಹಿಡಿದು ಮಣೆಯ ಮೇಲೆ ಕೂರಿಸಬೇಕು. ಹಾಡುವ ಹೆಂಗಸರೆಲ್ಲ ಬಂದು ಕೂತಿದ್ದರು. ಆಗ ಫೋನು ಬಂತು. "ಸೀರಿ ತಂದೀನಿ. ಇಲ್ಲೇ ಮಸ್ಕಿ ಬಸ್ ಸ್ಟ್ಯಾಂಡಿನ್ಯಾಗ ಅದೀನಿ. ಯಾರನ್ನರ ಕಳಸು." ನಾನೇ ಹೋದೆ. 

ಹಸಿರು ಸೀರೆ, ಬಳೆ, ಕೊಬ್ಬರಿ ಎಲ್ಲ ಒಂದು ಚೀಲದಲ್ಲಿ ಒಪ್ಪವಾಗಿ ಇಟ್ಟಿದ್ದ. ಮೈಮೇಲೆ ಅದೇ ತಿಳಿನೀಲಿ ಅಂಗಿ. ಕತ್ತರಿಸಿದ ಚುಂಗಿನ ಜಾಗಕ್ಕೆ ಮೆರೂನ್ ರೆಗ್ಜಿನ್ನಿನ ಒಂದು ತುಂಡು ಹೊಲಿದಿದ್ದ. ಸೀಟು ಹೊಲಿಯುವ ಹಾಗೆಯೇ, ಅಂಚು ಮಡಚಿ ಎರಡು ಸಾಲು ಹೊಲಿಗೆ. ನನ್ನ ಕಣ್ಣು ಅಲ್ಲೇ ನಿಂತದ್ದನ್ನು ನೋಡಿ, "ಅಂಗಿ ಚಲೋ ಐತಿ, ಬಿಸಾಡಾಕ ಮನಸ್ಸಾಗಲಿಲ್ಲ" ಎಂದು ನಕ್ಕ.

"ಮನಿಗೆ ಬಾ ಅಣ್ಣ. ನೀ ಇಲ್ಲಂದ್ರ ಯಾರು ಕುಂದರಸಬೇಕು ಅಕಿನ್ನ?"

"ಚಲೋ ದಿನ ಐತಿ. ನನ್ನ ನೋಡಿ ಕೂಸಿಗೆ ಅದೆಲ್ಲ ನೆನಪಾಗೂದು ಬ್ಯಾಡ."

ಆಗಲೂ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಸಿಂಧನೂರಿನ ಬಸ್ಸು ಬಂತು, ಅವನು ಹತ್ತಿದ. ಬಸ್ಸು ಬಂದದ್ದಕ್ಕೆ ಹೇಳಲಾಗಲಿಲ್ಲ ಎಂದು ಬಹಳ ದಿನ ನಾನು ಅಂದುಕೊಂಡಿದ್ದೆ. ಆ ದಾರಿಗೆ ಬಸ್ಸಿಗೇನು ಬರಗಾಲವಿಲ್ಲ. ಒಂದು ಬಿಟ್ಟರೆ ಇನ್ನೊಂದು ಬರುತ್ತಿತ್ತು.

ಈ ವರ್ಷ ಬೇಸಿಗೆಗೆ ಅಣ್ಣ ಹೋದ. ಮಧ್ಯಾಹ್ನದ ಹೊತ್ತು, ಯಾರದೋ ಟ್ರ್ಯಾಕ್ಟರ್ ಸೀಟು ಅರ್ಧ ಹೊಲಿದು, ಗೋಡೆಗೆ ಒರಗಿದವನು ಏಳಲಿಲ್ಲ. ಎದೆಯೊಡೆದು ಸತ್ತಿದ್ದಾನೆ ಎಂದರು. ಮೂರನೆಯ ದಿನದ ಕಾರ್ಯಕ್ಕೆ ಬಂಗಾಲಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನ ಆಟೊದವರೊಬ್ಬರು ಬಂದಿದ್ದರು. ಅಣ್ಣನ ಹಳೆಯ ಗಿರಾಕಿ, ನಮ್ಮ ಕಡೆಯವರ ಹಾಗೆಯೇ ಮಾತಾಡುತ್ತಾರೆ. ಅವರು ನನ್ನ ಹತ್ತಿರ ಕೂತು ಹೇಳಿದರು:

"ಮದ್ಲ ಎಷ್ಟು ಕತಿ ಹೇಳ್ತಿದ್ರಕ್ಕಾ ಅವರು. ಸೀಟು ಹರೀಲಿಲ್ಲಂದ್ರೂ ಕತಿ ಕೇಳಾಕ ಬಂದು ಕುಂದರ್ತಿದ್ದೆ. ಆಮ್ಯಾಲ ಒಮ್ಮಿಂದೊಮ್ಮೆಲೆ ಬಂದ್ ಮಾಡಿಬಿಟ್ರು. ನಾವು ಹೋದ್ರ ಮೊಬೈಲ್ ಬೋರಲ ಹಾಕ್ತಿದ್ರು. ಯಾಕ್ರಿ ಅಂದ್ರ, 'ಬ್ಯಾಡಪ, ಕೇಳಿದವರಿಗೆ ಹತ್ತತೈತಿ ಅದು. ನನ್ನ ಕೂಸಿಗೆ ಹತ್ತಿತ್ತು' ಅಂತಿದ್ರು. ಅವರಿಗೆ ಮಕ್ಕಳಿದ್ರೇನು?"

ಇರಲಿಲ್ಲ ಎಂದೆ. ಸಿನಿಮಾ ಬಿಟ್ಟಾನು ಎಂದು ನಾನು ಅಂದುಕೊಂಡಿದ್ದೆ. ಅವನು ಸಿನಿಮಾ ಬಿಟ್ಟಿರಲಿಲ್ಲ, ಮಾತು ಬಿಟ್ಟಿದ್ದ. ಇಷ್ಟು ವರ್ಷ ಒಬ್ಬನೇ ನೋಡಿ, ಒಬ್ಬನೇ ಮನಸ್ಸಿನಲ್ಲಿ ಇಟ್ಟುಕೊಂಡು ಕೂತಿದ್ದ.

ಅಂಗಡಿ ಖಾಲಿ ಮಾಡಲು ಮಗಳು ನನ್ನ ಜೊತೆ ಬಂದಳು. ಅವಳೀಗ ಲಿಂಗಸುಗೂರಿನಲ್ಲಿ ಕಾಲೇಜು ಓದುತ್ತಾಳೆ. ಹಿಂದಿನ ಕೋಣೆಯ ಕದ ತೆರೆದೆವು. ಎರಡು ಸೀಟು ಅಲ್ಲೇ ಇದ್ದವು. ಎಡಗಡೆಯದು ಇನ್ನೂ ತಗ್ಗಾಗಿತ್ತು. ಬಲಗಡೆಯದರ ಮೇಲೆ ಆವತ್ತು ಇಟ್ಟಿದ್ದ ಸ್ಪಂಜನ್ನು ಅವನು ತೆಗೆದಿರಲಿಲ್ಲ. ಅದನ್ನು ಒಳಗೆ ಸೇರಿಸಿ, ಮೇಲೆ ಮೆರೂನ್ ರೆಗ್ಜಿನ್ ಎಳೆದು ಖಾಯಂ ಆಗಿ ಹೊಲಿದಿದ್ದ. ಎಂಟು ವರ್ಷದ ಹುಡುಗಿಯ ಎತ್ತರಕ್ಕೆ.

ಮಗಳು ಅದರ ಮೇಲೆ ಹತ್ತಿ ಕೂತಳು. ತಲೆ ಗೋಡೆಯ ಮೊಳೆಗೆ ತಾಗುವಷ್ಟು ಮೇಲೆ ಹೋಯಿತು. ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಮಾಮ ಯಾಕ ನಮ್ಮ ಮನಿಗೆ ಬರೂದು ಬಿಟ್ಟ ಬೇ? ನಾ ಅವತ್ತು ಅಂಜಿದ್ದಿಲ್ಲ. ಅಷ್ಟು ಚಲೋ ಸಿನಿಮಾ ಆಮ್ಯಾಲ ನಾ ನೋಡೇ ಇಲ್ಲ" ಎಂದಳು.

ನಾನು ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಅಮಾವಾಸ್ಯೆ, ಅತ್ತೆಯ ಮುಂದೆ ನನ್ನ ಬಾಯಿಂದ ಬಂದ ಮಾತು, ಅಂಗಿಯ ಚುಂಗು, ಡಾಕ್ಟರು, ಗೇಟು, ಬಸ್ ಸ್ಟ್ಯಾಂಡು. ಯಾವುದನ್ನೂ ಬಿಡಲಿಲ್ಲ. ಹೇಳಿ ಮುಗಿಸಿದ ಮೇಲೆ ಅವಳು ಎದುರಿನ ಖಾಲಿ ಗೋಡೆಯನ್ನೇ ನೋಡುತ್ತಿದ್ದಳು. ಆಮೇಲೆ ಒಂದೇ ಮಾತು ಕೇಳಿದಳು.

"ಮಾಮನ್ನ ಕಳಿಸಿ ಮ್ಯಾಲ ಬಂದ್ಯಲ್ಲ, ಆಮ್ಯಾಲ ನೀ ಉಂಡೇನು?"

ಉಂಡೆ ಎಂದೆ.

ಒಳ್ಳೆ ಮನುಷ್ಯ ತಪ್ಪು ಮಾಡಿ ಉಣ್ಣುವ ಆ ಸಿನಿಮಾದ ಮಾತನ್ನು ಅಣ್ಣ ನನಗೆ ಹೇಳಿದ ಹಾಗೆ ಅವಳಿಗೂ ಹೇಳಿದ್ದನೇನೋ. ಕೇಳುವ ಧೈರ್ಯ ನನಗೆ ಬರಲಿಲ್ಲ.

ಆ ಎರಡು ಸೀಟು ಈಗ ಮಸ್ಕಿಯಲ್ಲಿ ನಮ್ಮ ಪಡಸಾಲೆಯಲ್ಲಿವೆ. ಮಗಳು ಹಠ ಹಿಡಿದು ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಹಾಕಿಸಿಕೊಂಡು ಬಂದಳು. ಮೇಲಿನ ಸ್ಪಂಜು ತೆಗೆಸಬೇಕೆಂದರೆ ಕೈ ಹಚ್ಚಗೊಡುವುದಿಲ್ಲ. ರಜೆಗೆ ಬಂದಾಗ ಅದರ ಮೇಲೆ ಕಾಲು ಮಡಚಿ ಕೂತು ಸಿನಿಮಾ ನೋಡುತ್ತಾಳೆ. ಅತ್ತೆಗೆ ಈಗ ಕಣ್ಣು ಮಂಜಾಗಿದೆ. ಹೊರಸಿನ ಮೇಲಿಂದ ಕೇಳುತ್ತಾರೆ: "ದನಿ ಯಾಕ ಬರವಲ್ದು ಲೇ? ಟೀವಿ ಕೆಟ್ಟೈತೇನು?"

"ಕೆಟ್ಟಿಲ್ಲಬೇ ಆಯಿ. ಇವನ್ನ ಹಿಂಗ ನೋಡಬೇಕು."

ಪಕ್ಕದ ಸೀಟು, ಅಣ್ಣನದು, ಖಾಲಿ ಇರುತ್ತದೆ. ರೊಟ್ಟಿ ಬಡಿದು ಮುಗಿಸಿ, ಕೈ ಒರೆಸಿಕೊಂಡು, ನಾನು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಲ್ಲುತ್ತೇನೆ. ನಾನು ನಿಂತದ್ದು ಅವಳಿಗೆ ಗೊತ್ತಾಗುತ್ತದೆ. ಬಾ ಅನ್ನುವುದಿಲ್ಲ. ಹೋಗು ಅಂತಲೂ ಅನ್ನುವುದಿಲ್ಲ.